ಸಾಗರದ ಜೀವ ಸಾಗರಕ್ಕೆ

ಹೊಸನಗರದಲ್ಲಿ ಹುಡುಗರಿಗೆ ವಿಜ್ಞಾನ, ಲೆಕ್ಕ ಎರಡನ್ನೂ ಹೇಳುತ್ತಿದ್ದ ಇಂದ್ರಕುಮಾರ ಮೇಷ್ಟ್ರನ್ನು ಏನು ಕೇಳಿದರೂ ಮೊದಲು ಬರುತ್ತಿದ್ದ ಉತ್ತರ ಒಂದೇ: “ನೋಡ್ಬೇಕು ಮಾರಾಯಾ.” ಮಿಂಚು ಯಾಕೆ ಹೊಡೆಯುತ್ತೆ ಸಾರ್ ಅಂದರೂ ನೋಡಬೇಕು, ಎರಡಕ್ಕೆ ಎರಡು ಕೂಡಿದರೆ ನಾಲ್ಕೇ ಆಗಬೇಕಾ ಸಾರ್ ಅಂದರೂ ನೋಡಬೇಕು. ಊರಿನವರು ಹಿಂದಿನಿಂದ ನಗುತ್ತಿದ್ದರು. ಆ ಕಾಲಕ್ಕೆ ಬಿ.ಎಸ್ಸಿ. ಪಾಸಾದವರು ತಾಲೂಕಿಗೆಲ್ಲ ಬೆರಳೆಣಿಕೆ. ಮೈಸೂರಿನಲ್ಲಿ ಕೋಟು ತೊಟ್ಟು ಪ್ರೊಫೆಸರಾಗಿ ಓಡಾಡಬೇಕಾದ ಮನುಷ್ಯ ಇಲ್ಲಿ ಬಂದು ಸೀಮೆಸುಣ್ಣ ಹಿಡಿದು ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಾನಲ್ಲ, ಎಂಥ ಗ್ರಹಚಾರ ಅನ್ನುತ್ತಿದ್ದರು. ಗ್ರಹಚಾರವೂ ಅಲ್ಲ, ಗಿಹಚಾರವೂ ಅಲ್ಲ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡೋ ಮೂರೋ ವರ್ಷ ಮೊದಲು ಒಂದು ಬೇಸಿಗೆ ರಜೆಯಲ್ಲಿ ನಡೆದದ್ದು ಇದು.

ಇಂದ್ರಕುಮಾರ ಹುಂಚದ ಜೈನರ ಮನೆಯವನು. ಅಪ್ಪ ಶಾಂತರಾಜಯ್ಯ ಬಟ್ಟೆ ವ್ಯಾಪಾರ ಅಂತ ಸಂತೆಯಿಂದ ಸಂತೆಗೆ ತಿರುಗುವವರು, ಮನೆಯಲ್ಲಿ ಇದ್ದರೂ ಇಲ್ಲದ ಹಾಗೆ. ಅಮ್ಮ ಇವನನ್ನು ಹೆತ್ತ ವರ್ಷವೇ ತೀರಿಕೊಂಡಿದ್ದಳು. ಸಾಕಿದವಳು ಅಪ್ಪನ ಅಕ್ಕ, ಜ್ವಾಲಾಮಾಲಿನಿ ಅತ್ತೆ. ಹೆಸರು ಕೇಳಿದರೆ ಬೆಂಕಿ, ಆಳು ನೋಡಿದರೆ ಒಂದು ಹಿಡಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಆ ಮನೆಯಲ್ಲಿ ಅವಳು ಹೇಳಿದ್ದೇ ಶಾಸ್ತ್ರ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೆಲದೊಳಗೆ ಬೆಳೆದದ್ದು ಒಲೆ ಹತ್ತುವಂತಿಲ್ಲ, ಗಾಳಿಸದ ನೀರು ತುಟಿಗೆ ಸೋಕುವಂತಿಲ್ಲ. ಬಾವಿಯ ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಗಾಳಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಟ್ಟರೆ ಪೂರ್ತಿ. ಬಾವಿಯದ್ದು ಬಾವಿಗೆ, ಹೊಳೆಯದ್ದು ಹೊಳೆಗೆ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಉಳಿಯುವುದಿಲ್ಲ, ಬಿಟ್ಟವರಿಗೆ ಆ ಪಾಪ ಸುತ್ತಿಕೊಳ್ಳುತ್ತದೆ ಅಂತ ಅವಳ ನಂಬಿಕೆ. ಒಂದು ಸಲ ಬಾಗಿಲ ಸಂದಿಗೆ ಸಿಕ್ಕಿ ಹಲ್ಲಿಯೊಂದು ಸತ್ತದ್ದಕ್ಕೆ ಉಪವಾಸ ಹಿಡಿದಳು. ನಾಲಿಗೆ ಒಣಗಿ, ಮಾತು ನಿಂತು, ಕಡೆಗೆ ಊರ ಹಿರಿಯರೆಲ್ಲ ಬಂದು ಕೂತು ಬಿಡಿಸಬೇಕಾಯಿತು. ಆಗ ಇಂದ್ರಕುಮಾರ ಸಣ್ಣ ಹುಡುಗ. ಅತ್ತೆ ಸತ್ತೇ ಹೋದಳು ಅಂತ ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದ. ಆ ಹೆದರಿಕೆ ಅವನ ಹೊಟ್ಟೆಯೊಳಗೆ ಹಾಗೇ ಉಳಿದುಕೊಂಡಿತು.

ಇಂಥ ಮನೆಯ ಹುಡುಗ ಹೋಗಿ ಹೋಗಿ ಪ್ರಾಣಿಶಾಸ್ತ್ರ ತಗೊಂಡ ನೋಡಿ! ಯಾಕೆ ತಗೊಂಡೆ ಅಂತ ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಮೊದಲ ದಿನ ಯಾರೋ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಬಗ್ಗಿಸಿ ಒಂದು ಹನಿ ನೀರು ತೋರಿಸಿದರು. ಅದರೊಳಗೆ ಸಂತೆ ನೆರೆದಿತ್ತು. ಅತ್ತೆ ಇಷ್ಟು ವರ್ಷ ಕೈಮುಗಿದು ಬಾವಿಗೆ ಬಿಡುತ್ತಿದ್ದದ್ದು ಇವರನ್ನೇ ಅಲ್ಲವಾ ಅಂತ ಹುಡುಗನಿಗೆ ಮೈ ಜುಮ್ಮೆಂದಿತು. ಅಷ್ಟೇ, ಆ ಹುಚ್ಚಿಗೆ ಬಿದ್ದ. ಆದರೆ ಕಪ್ಪೆ ಕೊಯ್ಯುವ ದಿನ ಬಂತೆಂದರೆ ಇವನಿಗೆ ಜ್ವರ. ಜಿರಳೆ ಕೊಯ್ಯುವ ದಿನವೂ ಜ್ವರ.

“ನಿನ್ನ ಜ್ವರಕ್ಕೂ ಒಂದು ಟೈಮ್‌ಟೇಬಲ್ ಇದ್ದ ಹಾಗಿದೆಯಲ್ಲಯ್ಯಾ,” ಅಂದರು ಪಾಠ ಹೇಳುವ ನಾರಾಯಣಮೂರ್ತಿಗಳು. ಮೂಗಿನ ತುದಿಯಲ್ಲಿ ಕನ್ನಡಕ, ಮಾತಿನ ತುದಿಯಲ್ಲಿ ಮೆಣಸಿನಕಾಯಿ. ಆದರೆ ಹುಡುಗನ ಕಣ್ಣು ಚುರುಕು, ಚಿತ್ರ ಬಿಡಿಸುವ ಕೈ ಇನ್ನೂ ಚುರುಕು ಅನ್ನುವುದು ಅವರಿಗೆ ಗೊತ್ತಿತ್ತು. ಕಡೆಯ ವರ್ಷದ ಪರೀಕ್ಷೆ ಮುಗಿದ ಮೇಲೆ, ರಜೆಗೆ ಮುಂಚೆ ಕರೆದು ಕೂರಿಸಿದರು. “ನಿಮ್ಮ ಕಡೆಯ ನೀರನ್ನ ಸರಿಯಾಗಿ ಯಾರೂ ನೋಡಿಲ್ಲ. ಯಾವ ಕೆರೆಯಲ್ಲಿ ಯಾವ ಹುಳ ಇದೆ, ಬರೀ ಅಷ್ಟು ನೋಡಿಕೊಂಡು ಬಾ. ಚೆನ್ನಾಗಿ ಮಾಡಿದರೆ ವಿಜ್ಞಾನದವರ ಸಭೆಯಲ್ಲಿ ಓದೋಣ, ನನ್ನ ಹೆಸರಿನ ಜೊತೆ ನಿನ್ನ ಹೆಸರು. ಕಾಲೇಜಿನಲ್ಲೇ ಡೆಮಾನ್‌ಸ್ಟ್ರೇಟರ್ ಕೆಲಸ ಒಂದು ಖಾಲಿಯಾಗ್ತಿದೆ. ಪಾಸಾದ ಮೇಲೆ ನನ್ನ ಹತ್ತಿರವೇ ಇದ್ದುಬಿಡು ಕಣಯ್ಯಾ.”

ಇಂದ್ರಕುಮಾರನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಜೀವಮಾನವೆಲ್ಲ ಕೊಯ್ಯದೆ, ಬರೀ ನೋಡುತ್ತಾ, ಬರೆಯುತ್ತಾ ಇರುವ ಕೆಲಸ! ಅದಕ್ಕಿಂತ ಬೇರೆ ಸ್ವರ್ಗ ಅವನಿಗೆ ಬೇಕಿರಲಿಲ್ಲ. ಆ ಕೆಲಸ ಸಿಕ್ಕೇ ಸಿಗಬೇಕು ಅಂತ ಬಸದಿ ಬಸದಿಗೂ ಹರಕೆ ಹೊತ್ತ.

ನಾರಾಯಣಮೂರ್ತಿ ಮೇಷ್ಟ್ರು ಕಾಲೇಜಿನ ಹಳೆಯ ಹಿತ್ತಾಳೆ ಸೂಕ್ಷ್ಮದರ್ಶಕವನ್ನು ಪೆಟ್ಟಿಗೆ ಸಮೇತ ಕೊಟ್ಟರು. ನೀರಿಗೆ ಎಳೆಯುವ ಸಣ್ಣ ರೇಷ್ಮೆ ಬಲೆ ಕೊಟ್ಟರು. ಜೊತೆಗೆ ಒಂದು ಸೀಸೆ ಫಾರ್ಮಲಿನ್. ಹಿಡಿದ ಹುಳಗಳ ಮೇಲೆ ನಾಲ್ಕು ಹನಿ ಬಿಟ್ಟರೆ ಸತ್ತು ಕೆಡದೆ ಉಳಿಯುತ್ತವೆ. “ಆಗಲಿ ಸಾರ್,” ಅಂದ ಇಂದ್ರಕುಮಾರ. ಮನೆಗೆ ಬಂದು ಅತ್ತೆ ಕೇಳಿದಾಗ, “ಅದೊಂದು ಔಷಧಿ,” ಅಂದ. ಸೀಸೆಯನ್ನು ಅಕ್ಕಿ ಕಣಜದ ಹಿಂದೆ ಇಟ್ಟ.

ಅತ್ತೆ ಬಲೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಮುಖ ಅರಳಿತು.

“ನಿಮ್ ಮೇಷ್ಟ್ರು ನಮ್ಮವ್ರಾ?”

“ಅಲ್ಲ ಅತ್ತೆ, ಬ್ರಾಹ್ಮಣರು.”

“ಪರ್ವಾಗಿಲ್ಲ ಮಾರಾಯಾ! ಕಾಲೇಜಲ್ಲೂ ನೀರು ಗಾಳ್ಸೋದು ಹೇಳ್ಕೊಡ್ತಾರೆ ಅಂದ್ರೆ ಕಾಲ ಅಷ್ಟೇನೂ ಕೆಟ್ಟಿಲ್ಲ.”

ಅಲ್ಲ ಅತ್ತೆ, ಇದು ಬೇರೆ ಅಂತ ಹೇಳಲು ಬಾಯಿ ತೆಗೆದವನು ಹಾಗೇ ಮುಚ್ಚಿದ. ಹೇಳಲು ಹೊರಟರೆ ಔಷಧಿಯ ತನಕ ಹೇಳಬೇಕಾಗುತ್ತಿತ್ತು.

ಕೆಲಸ ಶುರುವಾಯಿತು. ಬಸ್ಸು ಬೆಳಗ್ಗೆ ತೀರ್ಥಹಳ್ಳಿಯಿಂದ ಬಂದು ಹುಂಚ, ಹೊಸನಗರದ ಮೇಲೆ ಸಾಗರಕ್ಕೆ ಹೋಗುತ್ತಿತ್ತು, ಸಂಜೆ ಅದೇ ದಾರಿಯಲ್ಲಿ ವಾಪಸು. ವಾರಕ್ಕೊಮ್ಮೆ ಸಾಗರಕ್ಕೆ ಹೋಗಿ ಅಲ್ಲಿನ ಕೆರೆಯಲ್ಲಿ ಬಲೆ ಎಳೆದು, ಬಾಟಲಿ ತುಂಬಿಕೊಂಡು ಬರುತ್ತಿದ್ದ. ಉಳಿದ ದಿನ ಹುಂಚದ ಹೊಂಡ. ಸಾಗರದ ನೀರಿನಲ್ಲಿ ಅವನಿಗೊಂದು ಜೀವ ಸಿಕ್ಕಿತು. ರಾಗಿಕಾಳಿನಷ್ಟೂ ಇಲ್ಲ, ಮೈಯೆಲ್ಲ ಕೆಂಪು, ತಲೆಯ ಎರಡು ಕಡೆ ಮೈಗಿಂತ ಉದ್ದದ ಮೀಸೆ. ಅದಕ್ಕೆ ಕೆಂಪುಮೀಸೆ ಅಂತ ಹೆಸರಿಟ್ಟ. ಹೊಟ್ಟೆಯ ಕೆಳಗೆ ಮೊಟ್ಟೆಯ ಚೀಲ ಹೊತ್ತ ಬಸುರಿಯರೂ ಇದ್ದರು. ಅದೆಷ್ಟು ಚಂದ ಅಂದರೆ ಇಂದ್ರಕುಮಾರ ಊಟ ಮರೆತು ನೋಡುತ್ತಿದ್ದ. ಹುಂಚದ ಹೊಂಡದಲ್ಲಿ ಎಷ್ಟು ಬಲೆ ಎಳೆದರೂ ಕೆಂಪುಮೀಸೆ ಒಂದೂ ಇಲ್ಲ. ಅಲ್ಲಿದ್ದದ್ದೆಲ್ಲ ಬೂದು ಬಣ್ಣದ ಒಂಟಿಗಣ್ಣಿನವು.

ನೋಡಿ ಚಿತ್ರ ಬರೆದಾದ ಮೇಲೆ ಔಷಧಿ ಹಾಕಬೇಕಲ್ಲ. ನಾಳೆ ಹಾಕಿದರಾಯಿತು ಅಂತ ಬಾಟಲಿಯನ್ನು ಜಗಲಿಯ ಗೂಡಿನಲ್ಲಿ ಇಡುತ್ತಿದ್ದ. ಮಾರನೆಯ ದಿನ ಬಸದಿಗೆ ಹೋಗಿ ಬರುವಷ್ಟರಲ್ಲಿ ಬಾಟಲಿ ತೊಳೆದು ಬೋರಲು ಹಾಕಿರುತ್ತಿತ್ತು. ಅತ್ತೆಯ ಕೆಲಸ ಅಂತ ಗೊತ್ತು. ಎಲ್ಲಿಗೆ ಬಿಟ್ಟೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಸಾಯಿಸುವ ಕೆಲಸ ಒಂದು ದಿನದ ಮಟ್ಟಿಗೆ ತಪ್ಪಿತಲ್ಲ, ಬೇರೆ ನೀರು ತಂದರಾಯಿತು ಅಂತ ಸುಮ್ಮನಾಗುತ್ತಿದ್ದ.

ಹೀಗೇ ನಡೆಯುತ್ತಿರುವಾಗ, ಮೊದಲ ಮಳೆಗೆ ಇನ್ನೂ ಮುಂಚೆ, ಒಂದು ದಿನ ಹುಂಚದ ಹೊಂಡದ ನೀರನ್ನು ಗಾಜಿನ ಮೇಲೆ ಹಾಕಿ ಬಗ್ಗಿ ನೋಡುತ್ತಾನೆ, ಕೆಂಪುಮೀಸೆ!

ಕಣ್ಣು ಉಜ್ಜಿಕೊಂಡ. ಬಾಟಲಿ ಅದಲುಬದಲಾಯಿತಾ? ಮತ್ತೆ ಹೋಗಿ ನೀರು ತಂದ. ಮತ್ತೆ ಕೆಂಪುಮೀಸೆ, ಅದೂ ಬಸುರಿ. ಹತ್ತು ದಿನ ನೋಡಿದ, ದಿನದಿಂದ ದಿನಕ್ಕೆ ಹೆಚ್ಚಾಗುತ್ತಿವೆ. ತಲೆ ಗಿರ್ರೆಂದಿತು. ಸಾಗರವೆಲ್ಲಿ, ಹುಂಚವೆಲ್ಲಿ! ನಡುವೆ ಕಾಡು, ಗುಡ್ಡ, ಹೊಳೆ. ಈ ರಾಗಿಕಾಳಿನಷ್ಟೂ ಇಲ್ಲದ್ದು ನಡೆದುಕೊಂಡು ಬಂತಾ?

ಮೇಷ್ಟ್ರಿಗೆ ಕಾಗದ ಬರೆದ. ಉತ್ತರ ಗಾಳಿಯ ಹಾಗೆ ಬಂತು. ನಿನ್ನ ಬಲೆಯಲ್ಲಿ ಅಂಟಿಕೊಂಡು ಬಂದಿಲ್ಲ ತಾನೇ, ಸಾಗರದ ನೀರು ಒಂದು ತೊಟ್ಟಾದರೂ ಆ ಹೊಂಡಕ್ಕೆ ಬಿದ್ದಿಲ್ಲ ತಾನೇ ಅಂತ ಕೇಳಿದ್ದರು. ಪ್ರತಿ ಸಲವೂ ಬಲೆಯನ್ನು ಬಿಸಿಲಿಗೆ ಒಣಗಿಸಿಯೇ ಇಳಿಸಿದ್ದೇನೆ, ಒಂದು ತೊಟ್ಟೂ ಬಿದ್ದಿಲ್ಲ ಅಂತ ಇಂದ್ರಕುಮಾರ ಬರೆದ. ಅವನಿಗೆ ತಿಳಿದ ಮಟ್ಟಿಗೆ ಅದು ನಿಜವೇ. ಹಾಗಾದರೆ ಹಕ್ಕಿ ಕಾಲಿಗೆ ಮೊಟ್ಟೆ ಅಂಟಿ ಬಂದಿರಬೇಕು, ಇದನ್ನು ಕಣ್ಣಾರೆ ಹಿಡಿದವರು ಅಪರೂಪ, ಸಭೆಗೆ ಈಗಲೇ ಇಬ್ಬರ ಹೆಸರಿನಲ್ಲಿ ಬರೆದು ಕಳಿಸಿದ್ದೇನೆ, ನಾನೇ ಬಂದು ನೋಡುತ್ತೇನೆ ಅಂತ ಮೇಷ್ಟ್ರು ಬರೆದರು. ಕಾಗದ ಓದಿ ಹುಡುಗ ಜಗಲಿಯಿಂದ ಅಂಗಳಕ್ಕೆ ಹಾರಿದ. ಅತ್ತೆ ಎಂಥದೋ ಹಾವು ಕಂಡಿತು ಅಂತ ಓಡಿ ಬಂದಳು.

ನಾರಾಯಣಮೂರ್ತಿಗಳು ಬಂದರು. ಬಂದವರೇ ಕಾಲಿಗೆ ನೀರೂ ಹಾಕಿಕೊಳ್ಳದೆ ಪಂಚೆ ಎತ್ತಿಕಟ್ಟಿ ಹೊಂಡಕ್ಕಿಳಿದರು. ಸೂಕ್ಷ್ಮದರ್ಶಕದ ಮುಂದೆ ಕೂತು ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದಾಗ ಕನ್ನಡಕ ಹಣೆಗೆ ಏರಿತ್ತು, ಕಣ್ಣು ಒದ್ದೆಯಾಗಿತ್ತು. “ಗೆದ್ದೆ ಕಣಯ್ಯಾ! ಜುಲೈಗೆ ಬಂದುಬಿಡು, ಆ ಕೆಲಸ ನಿನ್ನದೇ ಅಂದುಕೋ,” ಅಂತ ಬೆನ್ನು ತಟ್ಟಿದರು. ಔಷಧಿ ಹಾಕಿದ ಬಾಟಲಿ ಒಂದೂ ಇಲ್ಲ, ಬರೀ ಚಿತ್ರ ಇದೆ ಅಂತ ತಿಳಿದಾಗ ನಾಲ್ಕು ಮಾತು ಬೈದರು ನಿಜ, ಆದರೆ ಮದುವೆಮನೆಯಲ್ಲಿ ಬೈದ ಹಾಗೆ ಬೈದರು.

ಅತ್ತೆ ಬಾಳೆಹಣ್ಣು, ಹಾಲು ತಂದಿಟ್ಟಳು. ಮಗನ ಹೊಗಳಿಕೆ ಕೇಳಿ ಅವಳಿಗೂ ಮಾತಾಡುವ ಹುಮ್ಮಸ್ಸು.

“ನಮ್ಮುಡ್ಗ ಒಂದು ಜೀವಾನೂ ಸಾಯ್ಸಿಲ್ಲ ಮೇಷ್ಟ್ರೇ. ಅವ್ನಿಗೆ ಮರ್ತೋದ್ರೂ ನಾನು ಮರೀಲಿಲ್ಲ. ಅವ್ನು ನೋಡಾದ ಮೇಲೆ ಎಲ್ಲಾನೂ ವಾಪಸ್ ಕಳ್ಸಿದೀನಿ. ಇಲ್ಲಿದು ಇಲ್ಲಿಗೆ, ಸಾಗರದ್ದು ಸಾಗರಕ್ಕೆ.”

“ಸಾಗರಕ್ಕಾ?” ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. “ಯಾರ ಕೈಲಿ ಕಳಿಸಿದ್ರಿ ತಾಯಿ?”

“ಬಸ್ಸಿನ ಕ್ಲೀನರ್ ಹೂವಪ್ಪ ಇದಾನಲ್ಲ, ಅವ್ನ ಕೈಲಿ. ತಂಬಿಗೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಕೆರೇಲಿ ಮೆಲ್ಲಕೆ ಇಳ್ಸಿ ಬಿಡು ಅಂತ ಹೇಳಿ ಕೊಡ್ತಿದ್ದೆ. ಪಾಪ, ಎರಡು ಚಕ್ಕುಲಿಗೆ ಅಷ್ಟು ಕೆಲ್ಸ ಮಾಡ್ತಾನೆ.”

ಇಂದ್ರಕುಮಾರನಿಗೆ ಥಟ್ಟನೆ ಹೊಳೆಯಿತು. ಬಸ್ಸು ಹುಂಚದಲ್ಲಿ ನಿಂತಾಗಲೆಲ್ಲ ಹೂವಪ್ಪ ಡಬ್ಬ ಹಿಡಿದು ಹೊಂಡಕ್ಕೆ ಇಳಿಯುತ್ತಾನೆ, ಇಂಜಿನ್ನಿಗೆ ನೀರು ಹಾಕಲು. ಅದನ್ನು ಇವನು ನೂರು ಸಲ ನೋಡಿದ್ದಾನೆ. ಜಗತ್ತಿನಲ್ಲಿ ಬೇರೆ ಯಾವ ಮನೆಯಲ್ಲಿಯಾದರೂ ಕಣ್ಣಿಗೆ ಕಾಣದ ಹುಳಗಳನ್ನು ಬಸ್ಸು ಹತ್ತಿಸಿ ಊರಿಗೆ ಕಳಿಸುತ್ತಾರಾ? ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. “ಸಂಜೆ ಆ ಹೂವಪ್ಪ ಬರಲಿ,” ಅಂದರು. “ಅವನು ಸಾಗರದಲ್ಲೇ ಬಿಟ್ಟಿದ್ದರೆ ನಮಗೇನೂ ತೊಂದರೆ ಇಲ್ಲ.”

ಬಸ್ಸಿನ ಸದ್ದು ಕೇಳುತ್ತಲೇ ಇಂದ್ರಕುಮಾರ ಓಡಿದ. ಹೂವಪ್ಪ ಆಗಲೇ ಡಬ್ಬ ಹಿಡಿದು ಹೊಂಡದ ಮೆಟ್ಟಿಲ ಮೇಲಿದ್ದ. ಕೇಳಿದ ಕೂಡಲೇ ಬೆವರಿದ.

“ಏನ್ ಮಾಡ್ಲಿ ಸಣ್ಣಯ್ಯಾ! ಮೊದಲ್ನೇ ಸಲ ಒಯ್ದೆ. ದಾರಿ ತುಂಬ ತುಳುಕಿ ಪ್ಯಾಸೆಂಜರು ಸೀರೆ ಎಲ್ಲ ಒದ್ದೆ, ಬಾಯಿಗ್ ಬಂದಂಗೆ ಬೈದ್ರು. ಆಮೇಲಿಂದ ಇಲ್ಲೇ ಬಿಟ್ಟು ಹೋಗ್ತೀನಿ. ನೀರು ತಾನೇ, ಎಲ್ಲಿದ್ರೇನು ಅಂದ್ಕಂಡೆ. ಅಮ್ಮಂಗೆ ಮಾತ್ರ ಹೇಳ್ಬ್ಯಾಡಿ. ಚಕ್ಕುಲಿ ತಿಂದ್ಬಿಟ್ಟಿದೀನಿ!”

ಇಂದ್ರಕುಮಾರ ಅವನನ್ನು ಮನೆಗೆ ಕರೆತಂದ. ಜಗಲಿಯಲ್ಲಿ ಮೇಷ್ಟ್ರು ಕಂಬಕ್ಕೆ ಒರಗಿ ಕೂತಿದ್ದರು, ಅತ್ತೆ ಬಾಗಿಲಲ್ಲಿ. ಮೇಷ್ಟ್ರು ಕೇಳಿದರು. ಹೂವಪ್ಪ ಅತ್ತೆಯ ಮುಖ ನೋಡಿದ, ನೆಲ ನೋಡಿದ.

“ಸಾಗರದಾಗೇ ಬಿಟ್ಟೆ ಅಮ್ಮಾ. ಕೆರೇಗೆ ಇಳ್ದು, ಮೆಲ್ಲಕೆ. ನಿಮ್ಮಾಣೆ.”

“ನಾನು ಹೇಳ್ಲಿಲ್ವಾ!” ಅಂದಳು ಅತ್ತೆ. ಮೇಷ್ಟ್ರು ತಡೆಹಿಡಿದಿದ್ದ ಉಸಿರು ಬಿಟ್ಟು ನಕ್ಕರು. ಹೂವಪ್ಪ ಹಣೆ ಒರೆಸಿಕೊಂಡ. ಜಗಲಿಯಲ್ಲಿ ಎಲ್ಲರಿಗೂ ಸಂತೋಷ, ಒಬ್ಬನನ್ನು ಬಿಟ್ಟು.

ಇಂದ್ರಕುಮಾರ ಏನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮೈಸೂರು, ಆ ಕೆಲಸ, ಮೇಷ್ಟ್ರ ಹೆಸರಿನ ಪಕ್ಕದಲ್ಲಿ ಅವನ ಹೆಸರು, ಎಲ್ಲವೂ ಅವನ ಬಾಯಿಯೊಳಗೆ ಇತ್ತು. ಬಾಯಿ ತೆಗೆದರೆ ಅದಷ್ಟೂ ಹೋಗುತ್ತದೆ, ಹೋಗಲಿ ಅಂದುಕೊಂಡರೂ ಅತ್ತೆ? ಒಂದು ಹಲ್ಲಿಗೆ ಸಾಯಲು ಹೊರಟವಳು, ಇಷ್ಟು ಜೀವಗಳನ್ನು ಪರನೀರಿಗೆ ನೂಕಿದೆ ಅಂತ ತಿಳಿದರೆ ಈ ವಯಸ್ಸಿನಲ್ಲಿ ಉಳಿಯುತ್ತಾಳಾ? ಸುಳ್ಳಾಡಬೇಡ ಅಂತ ಕಲಿಸಿದವಳೂ ಅವಳೇ, ಜೀವ ನೋಯಿಸಬೇಡ ಅಂತ ಕಲಿಸಿದವಳೂ ಅವಳೇ. ಎರಡೂ ಒಂದಕ್ಕೊಂದು ಎದುರು ನಿಂತರೆ ಏನು ಮಾಡಬೇಕು ಅಂತ ಮಾತ್ರ ಅವಳು ಹೇಳಿಕೊಟ್ಟಿರಲಿಲ್ಲ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅವನಿಗೆ ಯಾವುದು ದರಿ, ಯಾವುದು ಪುಲಿ ಅಂತಲೂ ಗೊತ್ತಾಗಲಿಲ್ಲ. ಮೇಷ್ಟ್ರು ಹಾಲಿನ ಲೋಟವನ್ನು ಮತ್ತೆ ಎತ್ತಿಕೊಂಡು, “ಹಕ್ಕಿ ಯಾವುದು ಅಂತ ನೋಡೋಣ, ಕೊಕ್ಕರೆ ಇರಬೇಕು,” ಅನ್ನುತ್ತಿದ್ದರು. ಆ ಕೊಕ್ಕರೆಯ ಹೆಸರು ಕೇಳುತ್ತಲೇ ಅವನಿಗೆ ತಡೆಯಲಾಗಲಿಲ್ಲ.

“ಕೊಕ್ಕರೆ ಅಲ್ಲ ಸಾರ್. ಹೂವಪ್ಪ.”

ಹೂವಪ್ಪ ಅಲ್ಲೇ ಕುಸಿದು ಕೂತ. ಇಂದ್ರಕುಮಾರ ಎಲ್ಲವನ್ನೂ ಹೇಳಿದ, ತಾನು ಬೇಕೆಂದೇ ಎಲ್ಲಿಗೆ ಬಿಟ್ಟೆ ಅಂತ ಕೇಳದೆ ಇದ್ದದ್ದನ್ನೂ. ಹೇಳುವಾಗ ಮೇಷ್ಟ್ರ ಕಡೆ ನೋಡಲಿಲ್ಲ, ಅತ್ತೆಯ ಕಡೆಯೂ ನೋಡಲಿಲ್ಲ. ಮೊದಲು ಮಾತಾಡಿದವಳು ಅತ್ತೆ.

“ಎಲ್ಲಾ ಸತ್ತ್ವಾ?”

“ಇಲ್ಲ ಅತ್ತೆ. ಬದುಕಿದಾವೆ.”

“ಕಣ್ಣಾರೆ ನೋಡಿದೀಯಾ?”

“ನೋಡಿದೀನಿ. ಬಸುರಿಯರೂ ಇದಾರೆ. ಮರಿ ಹಾಕಿ ಹೊಂಡ ತುಂಬಿದಾರೆ.”

ಅತ್ತೆ ಮೇಷ್ಟ್ರ ಕಡೆ ತಿರುಗಿದಳು. ಅವರು ಹೌದೆಂದು ತಲೆಯಾಡಿಸಿದರು. ಅವಳು ಬಸದಿಯ ಕಡೆ ಮುಖ ಮಾಡಿ ಎರಡೂ ಕೈ ಎತ್ತಿ ಮುಗಿದಳು. “ಪದ್ಮಾವತಿ ಅಮ್ಮಾ, ನೀನೇ ಕಾಯ್ದೆ!” ಅಂದಳು. ಹೂವಪ್ಪನನ್ನು ನೋಡಿ, “ಎದ್ದೇಳು, ಎಂಥಕ್ಕೆ ಅಲ್ಲಿ ಕೂತಿದೀಯಾ, ಸುಳ್ ಹೇಳಿದ್ದಕ್ಕೆ ಇನ್ಮುಂದೆ ಚಕ್ಕುಲಿ ಇಲ್ಲ ಅಷ್ಟೇ,” ಅಂದು ಒಳಗೆ ದೀಪ ಹಚ್ಚಲು ಹೋದಳು.

ಮೇಷ್ಟ್ರು ಎದ್ದರು. ಸೂಕ್ಷ್ಮದರ್ಶಕವನ್ನು ಮೆತ್ತಗೆ ಒರೆಸಿ ಪೆಟ್ಟಿಗೆಗೆ ಇಳಿಸಿದರು, ಕೊಕ್ಕೆ ಹಾಕಿದರು. ಬಲೆಯನ್ನು ಸುತ್ತಿದರು.

“ಇಲ್ಲಿ ತಂತಿ ಆಫೀಸು ಎಲ್ಲಿದೆ?”

“ತೀರ್ಥಹಳ್ಳಿಯಲ್ಲಿ ಸಾರ್.”

“ಹಾಗಾದರೆ ಇದೇ ಬಸ್ಸಿಗೆ ಹೋಗ್ತೀನಿ. ಸಭೆಯವರಿಗೆ ನಾವು ಬರೆದು ಕಳಿಸಿದ್ದನ್ನ ತೆಗೆದುಹಾಕಿ ಅಂತ ತಂತಿ ಕೊಡಬೇಕು.”

“ಸಾರ್, ಪರನೀರಿನಲ್ಲಿ ಬದುಕಿತು ಅನ್ನೋದಾದರೂ...”

“ಯಾರೋ ತಂದು ಸುರಿದದ್ದು ಬದುಕಿತು ಅಂತ ಯಾರಯ್ಯ ಕೇಳ್ತಾರೆ? ಈ ಹೊಂಡದಲ್ಲಿ ಯಾವುದು ಇಲ್ಲಿನದು, ಯಾವುದು ಬಂದದ್ದು ಅಂತ ಇನ್ನು ಯಾರಿಗೂ ಹೇಳೋಕಾಗಲ್ಲ.” ಬಾಗಿಲ ತನಕ ಹೋಗಿ ನಿಂತರು. ಬೈಯುತ್ತಾರೆ ಅಂತ ಹುಡುಗ ಅಂದುಕೊಂಡ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಈಗ ಹೇಳಿದ್ದು ಒಳ್ಳೇದು ಮಾಡಿದೆ. ಆದರೆ ನೀನೇ ಮೊದಲು ಕೇಳಬೇಕಿತ್ತು ಇಂದ್ರಕುಮಾರ. ಕೇಳೋದು ಬಿಟ್ಟರೆ ನಮ್ಮ ಕೆಲಸದಲ್ಲಿ ಇನ್ನೇನಿದೆ?”

ಜುಲೈ ಮಾತು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಪೆಟ್ಟಿಗೆ ಹೊತ್ತು ಹೂವಪ್ಪ ಮುಂದೆ, ಮೇಷ್ಟ್ರು ಹಿಂದೆ. ಬಸ್ಸಿನ ಧೂಳು ಬಸದಿಯ ತಿರುವಿನ ತನಕ ಕಂಡಿತು.

ಅತ್ತೆ ಹೊರಗೆ ಬಂದಳು. ಕಂಬ ಹಿಡಿದು ನಿಂತ ಹುಡುಗನ ಗಲ್ಲವನ್ನು ಎತ್ತಿ ನೋಡಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವನು ಯಾವತ್ತೂ ಕಂಡಿರಲಿಲ್ಲ.

“ಒಂದೂ ಸಾಯ್ಲಿಲ್ವಲ್ಲ ಮಗಾ,” ಅಂದಳು. “ಮತ್ತೆ ನೀನ್ಯಾಕೆ ಅಳ್ತಿದೀಯ?”